ಕಲಬುರಗಿಯ ಕೇಂದ್ರೀಯ ವಿವಿಯೋ, ಚೆನ್ನೈ ಕಡೆಯ ಖಾಸಗಿ ಡೀಮ್ಡೋ? ಜೂನ್ 15ರೊಳಗೆ ದುಡ್ಡು ಕಟ್ಟಬೇಕಂತೆ

ಯಗಚಿ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಊರು ಬೇಲೂರು ತಾಲ್ಲೂಕು. ತಂಗಿ ಈ ಸಲ ದ್ವಿತೀಯ ಪಿಯು ಮುಗಿಸಿದ್ದಾಳೆ, ಪಿಸಿಎಂಬಿ, ಶೇ 91. ಇಂಜಿನಿಯರಿಂಗ್ ಬೇಡ, ಬಿಎಸ್ಸಿ ಮಾಡಿ ಭೌತಶಾಸ್ತ್ರದಲ್ಲೇ ಮುಂದುವರಿಯಬೇಕು ಅಂತ ಹಟ. ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಮನಸ್ಸಿನಲ್ಲಿಟ್ಟುಕೊಂಡು ಸಿಯುಇಟಿ (ಕೇಂದ್ರೀಯ ವಿವಿಗಳ ಪ್ರವೇಶ ಪರೀಕ್ಷೆ) ಬರೆದಿದ್ದಾಳೆ, ಫಲಿತಾಂಶ ಬಂದಿಲ್ಲ. ಅಷ್ಟರಲ್ಲಿ ಚೆನ್ನೈ ಹತ್ತಿರದ ಒಂದು ಖಾಸಗಿ ಡೀಮ್ಡ್ ವಿವಿಯಿಂದ ಸೀಟು ಕೊಡ್ತೀವಿ ಅಂತ ಪತ್ರ ಬಂದಿದೆ. ವರ್ಷಕ್ಕೆ ಬೋಧನಾ ಶುಲ್ಕ 2.2 ಲಕ್ಷ, ಹಾಸ್ಟೆಲ್ ಮತ್ತು ಮೆಸ್ 1.3 ಲಕ್ಷ, ನಾಲ್ಕು ವರ್ಷದ ಕೋರ್ಸು. ಸೀಟು ಹಿಡಿದಿಡಲು ಜೂನ್ 15ರೊಳಗೆ 50,000 ಕಟ್ಟಬೇಕಂತೆ.

ಮನೆಯಿಂದ ವರ್ಷಕ್ಕೆ ಒಂದು ಲಕ್ಷ ಹೊಂದಿಸಬಹುದು. ಉಳಿದದ್ದು ಸಾಲವೇ. ಆರು ಎಕರೆ ಕಾಫಿ, ಮೆಣಸು ಇದೆ. 3ಎ ಪ್ರಮಾಣಪತ್ರ ಇದೆ.

ಕೇಳಬೇಕಾದ್ದು ಇಷ್ಟು: ಡೀಮ್ಡ್ ವಿವಿಯ ಡಿಗ್ರಿಗೆ ಬೆಲೆ ಕಡಿಮೆಯಾ? 50,000 ಕಟ್ಟಿ ಆಮೇಲೆ ಕಲಬುರಗಿ ಸಿಕ್ಕರೆ ದುಡ್ಡು ವಾಪಸ್ ಬರುತ್ತಾ? ತೋಟದ ಮೇಲೆ ಸಾಲ ಆಗುತ್ತಾ? ಎರಡೂ ಕಡೆ ಮನೆಯಿಂದ ಒಂದು ರಾತ್ರಿಯ ಪ್ರಯಾಣವೇ, ಹಾಗಾಗಿ ದೂರ ಅನ್ನೋದು ಇಲ್ಲಿ ತಕ್ಕಡಿ ತೂಗಲ್ಲ.

ಅರಸೀಕೆರೆ ಜಂಕ್ಷನ್

ಮೊದಲು ಡಿಗ್ರಿಯ ವಿಷಯ ಮುಗಿಸಿಬಿಡೋಣ. 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 3ನೇ ಕಲಂ ಅಡಿ ಡೀಮ್ಡ್, ಅಂದರೆ ವಿವಿಗೆ ಸಮಾನ, ಅನ್ನಿಸಿಕೊಂಡಿದ್ದರೆ ಆ ಡಿಗ್ರಿ ಕಾನೂನಿನ ಲೆಕ್ಕದಲ್ಲಿ ಕೇಂದ್ರೀಯ ವಿವಿಯ ಡಿಗ್ರಿಗೆ ಸಮ. ಎಂಎಸ್ಸಿ, ನೆಟ್, ಸರ್ಕಾರಿ ಕೆಲಸ ಎಲ್ಲಕ್ಕೂ ನಡೆಯುತ್ತದೆ. ಯುಜಿಸಿ ಜಾಲತಾಣದ ಪಟ್ಟಿಯಲ್ಲಿ ಹೆಸರಿದೆಯಾ, ಪತ್ರದಲ್ಲಿರುವ ಕ್ಯಾಂಪಸ್ಸೇ ಅನುಮೋದಿತ ಕ್ಯಾಂಪಸ್ಸಾ, ಎರಡನ್ನೂ ನೋಡಿ. ಒಂದೇ ಹೆಸರಿನ ಬೇರೆ ಊರಿನ ಕ್ಯಾಂಪಸ್ ತೋರಿಸಿ ಸೇರಿಸುವುದುಂಟು. ಛತ್ತೀಸ್‌ಗಢದಲ್ಲಿ ಕಾಗದದ ಮೇಲೆ ಹುಟ್ಟಿದ್ದ ನೂರಕ್ಕೂ ಹೆಚ್ಚು ಖಾಸಗಿ ವಿವಿಗಳನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಒಂದೇ ತೀರ್ಪಿನಲ್ಲಿ ಬರಖಾಸ್ತು ಮಾಡಿತು, ನೆನಪಿರಲಿ.

ಈಗ 50,000. ನಿಮ್ಮ ನಿಜವಾದ ಸಮಸ್ಯೆ ಇದೇ. ಖಾಸಗಿಯವರ ಗಡುವು ಜೂನ್, ಸಿಯುಇಟಿ ಮೇಲೆ ನಡೆಯುವ ಪ್ರವೇಶ ಜುಲೈ-ಆಗಸ್ಟ್‌ಗೆ ಎಳೆಯುತ್ತದೆ. ಈ ನಡುವಿನ ಎರಡು ತಿಂಗಳ ಭಯದ ಮೇಲೇ ಅವರ ವ್ಯಾಪಾರ ನಿಂತಿದೆ.

ಶುಲ್ಕ ವಾಪಸಾತಿಗೆ 2018ರ ಯುಜಿಸಿ ಅಧಿಸೂಚನೆ ಇದೆ, ಡೀಮ್ಡ್‌ಗೂ ಅನ್ವಯ. ವಿವಿ ಅಧಿಕೃತವಾಗಿ ಪ್ರಕಟಿಸಿದ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಸೀಟು ಬಿಟ್ಟರೆ ಪೂರ್ತಿ ವಾಪಸ್. ಅದರಲ್ಲಿ ಶೇ 5ರವರೆಗೆ, ಅದೂ 5,000 ಮೀರದಂತೆ, ಸಂಸ್ಕರಣಾ ವೆಚ್ಚ ಹಿಡಿದುಕೊಳ್ಳಬಹುದು. ಕೊನೆಯ ದಿನಕ್ಕೆ 15 ದಿನಕ್ಕಿಂತ ಕಡಿಮೆ ಉಳಿದಿರುವಾಗ ಬಿಟ್ಟರೆ ಶೇ 90. ಆ ದಿನ ಕಳೆದ 15 ದಿನದೊಳಗೆ ಶೇ 80, 16ರಿಂದ 30 ದಿನದೊಳಗೆ ಶೇ 50, ಆಮೇಲೆ ಸೊನ್ನೆ. ಸಿಯುಇಟಿ ತಡವಾಗುತ್ತದೆ ಅಂತ ಯುಜಿಸಿ ಆಯಾ ವರ್ಷಕ್ಕೆ ಬೇರೆ ಸುತ್ತೋಲೆ ಹೊರಡಿಸಿದ್ದೂ ಇದೆ. 2024-25ರಲ್ಲಿ ಸೆಪ್ಟೆಂಬರ್ 30ರವರೆಗೆ ಬಿಟ್ಟವರಿಗೆ ಪೂರ್ತಿ, ಅಕ್ಟೋಬರ್ 31ರವರೆಗೆ ಬಿಟ್ಟವರಿಗೆ 1,000 ಮಾತ್ರ ಕಡಿತ ಅಂತ ಇತ್ತು. ಈ ವರ್ಷದ ಸುತ್ತೋಲೆ ಬಂದಿದೆಯಾ ನೋಡಿ, ಇದ್ದರೆ ಅದರ ಪ್ರತಿ ಇಟ್ಟುಕೊಂಡೇ ದುಡ್ಡು ಕಟ್ಟಿ.

ಎಡವುವುದು ಎಲ್ಲಿ ಅಂದರೆ, ಅದೇ 50,000ಕ್ಕೆ ಅವರು ಕೊಡುವ ಹೆಸರಿನಲ್ಲಿ. ರಸೀದಿಯಲ್ಲಿ 'ಬೋಧನಾ ಶುಲ್ಕದ ಮುಂಗಡ' ಅಂತ ಇದ್ದರೆ ಮೇಲಿನ ಲೆಕ್ಕ ನಡೆಯುತ್ತದೆ. 'ನೋಂದಣಿ', 'ಅರ್ಜಿ ಪರಿಶೀಲನೆ' ಅಂತ ಬರೆದಿದ್ದರೆ ಅದು ಶುಲ್ಕವೇ ಅಲ್ಲ ಅಂತ ವಾದ ಹೂಡುತ್ತಾರೆ. ಹಾಗಾಗಿ ಕಟ್ಟುವ ಮೊದಲೇ ಇಮೇಲ್ ಹಾಕಿ: ಈ ಮೊತ್ತ ಯಾವ ಬಾಬ್ತು, ಪ್ರವೇಶದ ಅಧಿಕೃತ ಕೊನೆಯ ದಿನ ಯಾವುದು, ಬಿಟ್ಟರೆ ಎಷ್ಟು ವಾಪಸ್. ಫೋನಿನಲ್ಲಿ ಹೇಳಿದ್ದು ನೀರ ಮೇಲಿನ ಬರಹ. ದುಡ್ಡು ವಿವಿಯ ಖಾತೆಗೇ ಹೋಗಲಿ, ಹಾಸನದ ಯಾವ ಕನ್ಸಲ್ಟೆನ್ಸಿಯವರ ಫೋನ್‌ಪೇಗೂ ಬೇಡ. ಮೂಲ ಅಂಕಪಟ್ಟಿ, ಟಿಸಿ ಇಟ್ಟುಕೊಳ್ಳುವ ಅಧಿಕಾರ ಅವರಿಗಿಲ್ಲ, ನೋಡಿ ವಾಪಸ್ ಕೊಡಬೇಕು. ಇದೂ ಅದೇ 2018ರ ಅಧಿಸೂಚನೆಯಲ್ಲಿದೆ. ನಾಲ್ಕು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂದರೆ ಕಿವಿಗೇ ಹಾಕಿಕೊಳ್ಳಬೇಡಿ.

ಪಹಣಿ ಕಲಂ 11

ಸಾಲ ಮತ್ತು ಜಾತಿ ಪ್ರಮಾಣಪತ್ರದ ಬಗ್ಗೆ ಮಾತ್ರ ಹೇಳ್ತೀನಿ.

ವರ್ಷಕ್ಕೆ 3.5 ಲಕ್ಷದಲ್ಲಿ ಒಂದು ಲಕ್ಷ ಮನೆಯದು, 2.5 ಲಕ್ಷ ಸಾಲ, ನಾಲ್ಕು ವರ್ಷಕ್ಕೆ 10 ಲಕ್ಷ. ಬಡ್ಡಿ ಶೇ 10 ಅಂತ ಹಿಡಿಯಿರಿ. ಓದುವ ನಾಲ್ಕು ವರ್ಷ ಮತ್ತೊಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಓಡುತ್ತಿರುತ್ತದೆ. ಮೊದಲ ವರ್ಷ ಎತ್ತಿದ 2.5 ಲಕ್ಷಕ್ಕೆ ಐದು ವರ್ಷದ ಸರಳ ಬಡ್ಡಿ 1.25 ಲಕ್ಷ, ಎರಡನೆಯದಕ್ಕೆ 1 ಲಕ್ಷ, ಮೂರನೆಯದಕ್ಕೆ 75 ಸಾವಿರ, ನಾಲ್ಕನೆಯದಕ್ಕೆ 50 ಸಾವಿರ. ಕಂತು ಶುರುವಾಗುವ ದಿನ ಬಾಕಿ 13.5 ಲಕ್ಷ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 17,800, ಒಟ್ಟು ಕಟ್ಟುವುದು 21 ಲಕ್ಷದ ಮೇಲೆ. ಓದುವಾಗಲೇ ಆಯಾ ತಿಂಗಳ ಬಡ್ಡಿ ಕಟ್ಟಿಕೊಂಡು ಹೋದರೆ, ಮೊದಲ ವರ್ಷ ತಿಂಗಳಿಗೆ 2,100ರ ಹತ್ತಿರ ಬೀಳುತ್ತದೆ, ಕಂತು 13,200ಕ್ಕೆ ಇಳಿಯುತ್ತದೆ. ಬಿಎಸ್ಸಿ ಮುಗಿಸಿದ ಹುಡುಗಿ ಕೆಲಸಕ್ಕೆ ಹೋಗಲ್ಲ, ಎಂಎಸ್ಸಿಗೆ ಹೋಗ್ತಾಳೆ ತಾನೆ? ಆಗ ಕಂತು ಯಾರ ತಲೆ ಮೇಲೆ? ಇಂಜಿನಿಯರಿಂಗ್ ಮಾಡುವವರಿಗೆ ಹೊಂದುವ ಸಾಲದ ಲೆಕ್ಕ ಮೂಲವಿಜ್ಞಾನಕ್ಕೆ ಹೊಂದುವುದಿಲ್ಲ. ಈ ಒಂದು ಕಾರಣಕ್ಕೇ ನನ್ನ ಓಟು ಕಲಬುರಗಿಗೆ.

ಜಾಮೀನು: ಮಾಮೂಲಿ ಶಿಕ್ಷಣ ಸಾಲದಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡವು ಕೇಳುವುದಿಲ್ಲ, ಮೇಲೆ ಹೋದರೆ ಕೇಳುತ್ತಾರೆ. ತೋಟ ತೋರಿಸಿದರೆ ಬ್ಯಾಂಕಿನವರು ಮುಖ ಹಿಂಡುವುದು ಏಕೆಂದರೆ ಬ್ಯಾಂಕು ಅಡವಿನ ಆಸ್ತಿ ವಶಪಡಿಸಿಕೊಳ್ಳುವ ಸರ್ಫೇಸಿ ಕಾಯ್ದೆಯಲ್ಲಿ ಕೃಷಿ ಭೂಮಿಗೆ ವಿನಾಯಿತಿ ಇದೆ, ಸಾಲ ನಿಂತರೆ ಸುಲಭವಾಗಿ ಹರಾಜು ಹಾಕಲಾಗದು. ಕಾಫಿ ತೋಟ ಕೃಷಿ ಭೂಮಿಯೋ ಪ್ಲಾಂಟೇಶನ್ನೋ ಅನ್ನುವ ಜಗಳ ನಮ್ಮ ಬೆಳೆಗಾರರಿಗೂ ಬ್ಯಾಂಕುಗಳಿಗೂ ಇದ್ದೇ ಇದೆ. ಸಾಲದ್ದಕ್ಕೆ ಪಹಣಿಯ 11ನೇ ಕಲಂನಲ್ಲಿ ಬೆಳೆ ಸಾಲದ ಋಣ ಕೂತಿರುತ್ತದೆ. ಊರಿನ ಮನೆಗೆ ಗ್ರಾಮ ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇದ್ದರೆ, ಅಥವಾ ಪೇಟೆಯಲ್ಲಿ ಖಾತೆ ಸರಿಯಿರುವ ಸೈಟಿದ್ದರೆ ಮಾತು ಮುಂದುವರಿಯುತ್ತದೆ. ಠೇವಣಿ, ಎಲ್‌ಐಸಿ ಬಾಂಡೂ ನಡೆಯುತ್ತವೆ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಶಿಕ್ಷಣ ಸಾಲ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಅಡವೂ ಬೇಡ, ಜಾಮೀನುದಾರರೂ ಬೇಡ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇ 3 ಬಡ್ಡಿ ರಿಯಾಯಿತಿ, ಆದರೆ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ. ನಿಮ್ಮ ಡೀಮ್ಡ್ ವಿವಿ ಆ ಪಟ್ಟಿಯಲ್ಲಿದೆಯಾ ಅಂತ ಪೋರ್ಟಲ್‌ನಲ್ಲೇ ನೋಡಬಹುದು. ಪ್ರವೇಶ ಮೆರಿಟ್ ಮೇಲೆ ಆಗಿರಬೇಕು, ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇದು ಸಿಗದು.

ಇನ್ನು 3ಎ. ಅದು ರಾಜ್ಯದ ಪಟ್ಟಿ. ಕೇಂದ್ರೀಯ ವಿವಿಯಲ್ಲಿ 3ಎ, 3ಬಿ ಅನ್ನುವುದೇ ಇಲ್ಲ, ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ ಕೂಡ ಇಲ್ಲ. ಅವೆಲ್ಲ ನಮ್ಮ ಸಿಇಟಿಯ ಬಾಬ್ತು. ಅಲ್ಲಿರುವುದು ಕೇಂದ್ರದ ಒಬಿಸಿ ಪಟ್ಟಿ, ಶೇ 27. ನಮ್ಮ 3ಎಯಲ್ಲಿರುವ ಒಕ್ಕಲಿಗರು ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲದವರಿಗೆ ಉಳಿಯುವುದು ಶೇ 10ರ ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ), ಆದರೆ ಆದಾಯ ಎಷ್ಟೇ ಕಡಿಮೆಯಿದ್ದರೂ ಐದು ಎಕರೆ ಅಥವಾ ಹೆಚ್ಚು ಕೃಷಿ ಜಮೀನಿದ್ದರೆ ಅದೂ ಇಲ್ಲ. ಆರು ಎಕರೆ ನಿಮ್ಮ ತಂದೆಯವರದ್ದೇ ಆದರೆ ಸಾಮಾನ್ಯ ವರ್ಗ ಅಂತಲೇ ಲೆಕ್ಕ ಹಾಕಿಕೊಳ್ಳಿ.

ಕಡೂರು ಕೊಬ್ಬರಿ

ಸರ್ಕಾರಿಯೋ ಖಾಸಗಿಯೋ ಅನ್ನುವುದಕ್ಕಿಂತ ಆ ಒಂದು ವಿಭಾಗ ಹೇಗಿದೆ ಅನ್ನುವುದು ದೊಡ್ಡದು. ಅದನ್ನು ಮನೆಯಲ್ಲೇ ಕೂತು ಒಂದು ಸಂಜೆಯಲ್ಲಿ ನೋಡಬಹುದು.

ಎನ್‌ಐಆರ್‌ಎಫ್‌ಗೆ (ಕೇಂದ್ರ ಸರ್ಕಾರದ ರ‍್ಯಾಂಕಿಂಗ್) ಅರ್ಜಿ ಹಾಕಿದ ಪ್ರತಿ ಸಂಸ್ಥೆಯೂ ತಾನು ಕೊಟ್ಟ ಅಂಕಿಅಂಶದ ಪಿಡಿಎಫ್ ಅನ್ನು ತನ್ನ ಜಾಲತಾಣದಲ್ಲಿ ಹಾಕಿರುತ್ತದೆ. ರ‍್ಯಾಂಕ್ ಬಿಡಿ, ಆ ಪಿಡಿಎಫ್ ತೆಗೆಯಿರಿ. ಮೊದಲ ವರ್ಷ ಸೇರಿದವರೆಷ್ಟು, ನಿಗದಿತ ಅವಧಿಯಲ್ಲೇ ಮುಗಿಸಿದವರೆಷ್ಟು, ಕೆಲಸ ಸಿಕ್ಕವರೆಷ್ಟು, ಸಂಬಳದ ಮಧ್ಯಾಂಕ ಎಷ್ಟು, ಮೇಲಿನ ಓದಿಗೆ ಹೋದವರೆಷ್ಟು, ಎಲ್ಲ ಸಾಲಾಗಿ ಇರುತ್ತದೆ. ಜಾಹೀರಾತಿನಲ್ಲಿ ಬರುವ 'ಅತಿ ಹೆಚ್ಚು ಪ್ಯಾಕೇಜ್' ಒಬ್ಬನದ್ದು. ಮಧ್ಯಾಂಕ ಅಂದರೆ ಅರ್ಧ ಜನಕ್ಕೆ ಅದಕ್ಕಿಂತ ಕಡಿಮೆ ಅಂತ ಅರ್ಥ.

ಇಲ್ಲೊಂದು ಗುಂಡಿ ಇದೆ. ಕೋಷ್ಟಕದಲ್ಲಿ ಮೂರು ವರ್ಷದ ಪದವಿ, ನಾಲ್ಕು ವರ್ಷದ ಪದವಿ ಅಂತ ಬೇರೆ ಬೇರೆ ಸಾಲುಗಳಿರುತ್ತವೆ. ತಾಂತ್ರಿಕ ಕೋರ್ಸುಗಳೇ ಹೆಚ್ಚಿರುವ ಖಾಸಗಿ ವಿವಿಯಲ್ಲಿ ನಾಲ್ಕು ವರ್ಷದ ಸಾಲು ಅಂದರೆ ಮುಕ್ಕಾಲುಪಾಲು ಬಿಟೆಕ್. ಅದರ ಸಂಬಳ ನೋಡಿ ಬಿಎಸ್ಸಿಗೆ ಸೇರಿದರೆ ಪಕ್ಕದ ತೋಟದ ಫಸಲು ನೋಡಿ ನಮ್ಮ ತೋಟದ ಲೆಕ್ಕ ಬರೆದ ಹಾಗೆ. ಮೂರು ವರ್ಷದ ಸಾಲು ನೋಡಿ, ಅದರಲ್ಲೂ ಮೇಲಿನ ಓದಿಗೆ ಹೋದವರ ಸಂಖ್ಯೆ ನೋಡಿ. ನಿಮ್ಮ ತಂಗಿಗೆ ಬೇಕಾದದ್ದು ಅದು.

ಅದೇ ಪಿಡಿಎಫ್‌ನ ಕೊನೆಗೆ ಅಧ್ಯಾಪಕರ ಪಟ್ಟಿ ಇದೆ: ಹುದ್ದೆ, ಅನುಭವ, ಸೇರಿದ ದಿನಾಂಕ, ಕಾಯಂ ಅಥವಾ ಗುತ್ತಿಗೆ. ವಿಭಾಗದ ಪುಟದಲ್ಲಿರುವ ಭೌತಶಾಸ್ತ್ರದವರ ಹೆಸರುಗಳನ್ನು ಅದರಲ್ಲಿ ಹುಡುಕಿ. ಖಾಸಗಿಯಲ್ಲಿ ಕಾಡುವುದು ಜನ ನಿಲ್ಲದಿರುವುದು. ಹತ್ತರಲ್ಲಿ ಏಳು ಜನ ಕಳೆದೆರಡು ವರ್ಷದಲ್ಲಿ ಸೇರಿದವರಾದರೆ ಅಂತಿಮ ವರ್ಷದ ಪ್ರಾಜೆಕ್ಟ್ ಹೊತ್ತಿಗೆ ಅವರೂ ಇರಲಿಕ್ಕಿಲ್ಲ. ಕೇಂದ್ರೀಯ ವಿವಿಗಳಲ್ಲಿ ಕಾಡುವುದು ಖಾಲಿ ಹುದ್ದೆ. ಪ್ರಾಧ್ಯಾಪಕರ ಕುರ್ಚಿ ವರ್ಷಗಟ್ಟಲೆ ಖಾಲಿ ಬಿದ್ದು ಅತಿಥಿ ಉಪನ್ಯಾಸಕರ ಮೇಲೆ ಪಾಠ ಸಾಗುತ್ತಿರುತ್ತದೆ. ಎರಡಕ್ಕೂ ಈ ಪಟ್ಟಿಯೇ ಕನ್ನಡಿ.

ಪ್ರಯೋಗಾಲಯದ ಬಗ್ಗೆ ವಿಭಾಗಕ್ಕೆ ಒಂದು ಇಮೇಲ್ ಹಾಕಿ: ಮೂರನೇ ವರ್ಷದ ಪ್ರಯೋಗಗಳ ಪಟ್ಟಿ ಕಳಿಸಿ, ಒಂದು ಉಪಕರಣದ ಮುಂದೆ ಎಷ್ಟು ಜನ ಕೂರುತ್ತಾರೆ. ಇಬ್ಬರು ಅಂದರೆ ಚೆನ್ನ, ಐದಾರು ಅಂದರೆ ಒಬ್ಬ ಮಾಡಿ ಉಳಿದವರು ರೀಡಿಂಗ್ ಬರೆದುಕೊಳ್ಳುತ್ತಾರೆ. ಹೊಸ ಕಟ್ಟಡದ ಫೋಟೋದಲ್ಲಿ ಇದು ಕಾಣುವುದಿಲ್ಲ. ವಾರದ ವೇಳಾಪಟ್ಟಿಯನ್ನೂ ಕೇಳಿ, ಅದರಲ್ಲಿ 'ಸಾಫ್ಟ್ ಸ್ಕಿಲ್ಸ್', 'ಪ್ಲೇಸ್‌ಮೆಂಟ್ ಟ್ರೈನಿಂಗ್' ಎಷ್ಟು ಗಂಟೆ ತಿನ್ನುತ್ತದೆ ಅಂತ ಎಣಿಸಿ.

ಸರ್ಕಾರಿ ಕಡೆಗೆ ಇನ್ನೊಂದು ಅನುಕೂಲ ಬಂದಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ 2025ರ ಜನವರಿ 1ರಿಂದ ಸರ್ಕಾರಿ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳು ತೆರೆದಿವೆ. ಖಾಸಗಿ ವಿವಿ ತನ್ನ ದುಡ್ಡಿನಲ್ಲಿ ಏನು ತರಿಸುತ್ತದೋ ಅಷ್ಟೇ.

ನ್ಯಾಕ್ (ಗುಣಮಟ್ಟದ ಮಾನ್ಯತೆ) ಗ್ರೇಡ್ ಇಡೀ ಸಂಸ್ಥೆಗೆ ಕೊಡುವುದು. ಭೌತಶಾಸ್ತ್ರ ವಿಭಾಗದ ಬಗ್ಗೆ ಅದು ಏನೂ ಹೇಳುವುದಿಲ್ಲ. ಬಿಟ್ಟುಬಿಡಿ.

ಯಗಚಿ ದಂಡೆ

ತುಂಬಾ ಉಪಕಾರ ಆಯ್ತು. ಪಿಡಿಎಫ್ ತೆಗೆದು ನೋಡಿದೆ. ಖಾಸಗಿಯವರ ಮೂರು ವರ್ಷದ ಸಾಲಿನಲ್ಲಿ ಬಿಸಿಎ, ಬಿಕಾಂ ಎಲ್ಲ ಸೇರಿಕೊಂಡಿರುವ ಹಾಗಿದೆ, ಬಿಎಸ್ಸಿ ಬೇರೆ ಮಾಡಲು ಆಗುತ್ತಿಲ್ಲ. ಇನ್ನೊಂದು, ಆ ಆರು ಎಕರೆ ಜಂಟಿ ಪಹಣಿ. ಅಪ್ಪನ ಜೊತೆ ಇಬ್ಬರು ಚಿಕ್ಕಪ್ಪಂದಿರ ಹೆಸರೂ ಇದೆ, ಪಾಲಾಗಿಲ್ಲ. ಆಗಲೂ ಇಡಬ್ಲ್ಯೂಎಸ್ ಇಲ್ಲವಾ? ಮೊದಲ ವರ್ಷ ಶೇ 25 ಸ್ಕಾಲರ್‌ಶಿಪ್ ಅಂತಲೂ ಪತ್ರದಲ್ಲಿದೆ, ಹೇಳಲು ಮರೆತೆ.

ಪಹಣಿ ಕಲಂ 11

ಹಾಗಾದರೆ ದಾರಿ ಇದೆ. ಇಡಬ್ಲ್ಯೂಎಸ್ ನಿಯಮದ ಕುಟುಂಬ ಅಂದರೆ ವಿದ್ಯಾರ್ಥಿ, ತಂದೆ-ತಾಯಿ, 18ರೊಳಗಿನ ಒಡಹುಟ್ಟಿದವರು. ಚಿಕ್ಕಪ್ಪ ಬರುವುದಿಲ್ಲ. ತಂದೆಯವರ ಭಾಗ ಎರಡು ಎಕರೆ ಅಂತ ಪಹಣಿಯ ಖಾತೆದಾರರ ಕಲಂನಲ್ಲಿ ವಿಸ್ತೀರ್ಣ ಬೇರೆ ಬೇರೆ ನಮೂದಾಗಿದ್ದರೆ ಸಲೀಸು. ಜಂಟಿ ಅಂತಷ್ಟೇ ಇದ್ದರೆ ವಂಶವೃಕ್ಷ ಲಗತ್ತಿಸಿ ಅರ್ಜಿ ಕೊಡಿ, ಗ್ರಾಮ ಆಡಳಿತಾಧಿಕಾರಿಯ ವರದಿಯಲ್ಲಿ ಪಾಲಿನ ವಿಷಯ ಬರೆಸಿ. ಮಂಜೂರು ಮಾಡುವುದು ಬಿಡುವುದು ತಹಶೀಲ್ದಾರರ ವಿವೇಚನೆ. ಜೊತೆಗೆ 8 ಲಕ್ಷದ ಆದಾಯದಲ್ಲಿ ಕೃಷಿ ಆದಾಯವೂ ಸೇರುತ್ತದೆ, ಅದು ನೆನಪಿರಲಿ. ಪ್ರಮಾಣಪತ್ರ ಆ ಹಣಕಾಸು ವರ್ಷದ್ದೇ ಆಗಿರಬೇಕು, ಹಳೆಯದು ತೋರಿಸಿ ಸೀಟು ಕಳೆದುಕೊಳ್ಳಬೇಡಿ.

ಸ್ಕಾಲರ್‌ಶಿಪ್ ಪತ್ರದ ಸಣ್ಣ ಅಕ್ಷರ ಓದಿ. ಎರಡನೇ ವರ್ಷಕ್ಕೆ ಇಂತಿಷ್ಟು ಸಿಜಿಪಿಎ ಇದ್ದರೆ ಮಾತ್ರ ಅಂತ ಇರುತ್ತದೆ. ನಾಲ್ಕು ವರ್ಷಕ್ಕೂ ಗ್ಯಾರಂಟಿ ಅಂತ ಬರೆದುಕೊಡದಿದ್ದರೆ ಲೆಕ್ಕದಲ್ಲಿ ಒಂದೇ ವರ್ಷದ 55,000 ಮಾತ್ರ ಕಳೆಯಿರಿ.

ಗಿರಿ ಗಾಳಿ, ಚಿಕ್ಕಮಗಳೂರು

ಎರಡೂ ಬಿಟ್ಟು ಮೂರನೆಯದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹಾಸನದ ಸರ್ಕಾರಿ ವಿಜ್ಞಾನ ಕಾಲೇಜು ಸ್ವಾಯತ್ತ. 2024-25ರಿಂದ ರಾಜ್ಯದಲ್ಲಿ ಮೂರು ವರ್ಷದ ಪದವಿ ವಾಪಸ್ ಬಂದಿದೆ. ಅಲ್ಲಿ ಬಿಎಸ್ಸಿ ಮಾಡಿಕೊಂಡೇ ಐಐಟಿ ಜಾಮ್‌ಗೆ ತಯಾರಿ ನಡೆಸಲಿ, ಎಂಎಸ್ಸಿ ಪ್ರವೇಶ ಪರೀಕ್ಷೆ ಅದು. ಮೂರು ಗಂಟೆ, 60 ಪ್ರಶ್ನೆ, 100 ಅಂಕ, ಫೆಬ್ರವರಿಯಲ್ಲಿ ನಡೆಯುತ್ತದೆ. ದೂರ ಹೋಗುವುದಾದರೆ ಎಂಎಸ್ಸಿಗೆ ಹೋಗಲಿ, ಆಗ ಸರ್ಕಾರಿ ದೊಡ್ಡ ಸಂಸ್ಥೆಗಳ ಬಾಗಿಲೇ ತೆರೆಯುತ್ತದೆ. ಅಷ್ಟರಲ್ಲಿ ಮನೆಯ ದುಡ್ಡೂ ಉಳಿದಿರುತ್ತದೆ. ಟೀಚಿಂಗ್ ಕಡೆ ಒಲವಿದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ನಾಲ್ಕು ವರ್ಷದ ಬಿಎಸ್ಸಿ-ಬಿಎಡ್ ಮುಂದಿನ ಸಲಕ್ಕೆ ನೋಡಬಹುದು, ಅದು ಎನ್‌ಸಿಇಆರ್‌ಟಿಯದು.

ಕಡೂರು ಕೊಬ್ಬರಿ

@ಗಿರಿ ಗಾಳಿ, ಒಪ್ಪತಕ್ಕ ಮಾತೇ. ಆದರೆ ವರ್ಷದ ಲೆಕ್ಕವನ್ನೂ ಹಾಕಿ. ನಾಲ್ಕು ವರ್ಷದ ಆನರ್ಸ್ ಮಾಡಿದವರು ಎಂಎಸ್ಸಿಯನ್ನು ಒಂದು ವರ್ಷದಲ್ಲಿ ಮುಗಿಸುವ ಅವಕಾಶ ಯುಜಿಸಿ ಚೌಕಟ್ಟಿನಲ್ಲಿದೆ. ನಾಲ್ಕು ವರ್ಷದಲ್ಲಿ ಶೇ 75 ಬಂದರೆ ನೇರ ಪಿಎಚ್‌ಡಿಗೂ ಅರ್ಹತೆ. ಮೂರು ವರ್ಷ ಸಾಕು ಅನ್ನಿಸಿದರೆ 120 ಕ್ರೆಡಿಟ್‌ಗೆ ಪದವಿ ಪಡೆದು ಹೊರಬರಬಹುದು, ಪೂರ್ತಿ ಮಾಡಿದರೆ 160. ಖಾಸಗಿಯಲ್ಲೂ ಇದೇ. ಹಾಗಾಗಿ ಅವರನ್ನು ಕೇಳಬೇಕಾದ ಇನ್ನೊಂದು ಪ್ರಶ್ನೆ: ಮೂರನೇ ವರ್ಷಕ್ಕೆ ಹೊರಬಂದರೆ ನಾಲ್ಕನೇ ವರ್ಷದ ಶುಲ್ಕ ಕೇಳುತ್ತೀರಾ?

ಹಾಸನದಲ್ಲೂ ಒಂದು ಅರ್ಜಿ ಇರಲಿ. ಕಲಬುರಗಿ ಕೈತಪ್ಪಿದರೆ ಖಾಸಗಿಗೆ ಓಡುವ ಬದಲು ಅಲ್ಲಿರಬಹುದು.

ಅರಸೀಕೆರೆ ಜಂಕ್ಷನ್

ಕಲಬುರಗಿ ಕಡೆ ವಾಲುತ್ತಿದ್ದರೆ ಈಗಲೇ ಮಾಡಬೇಕಾದ ಕೆಲಸ ಹೇಳ್ತೀನಿ. ಸಿಯುಇಟಿ ಬರೆದ ಮಾತ್ರಕ್ಕೆ ಅರ್ಜಿ ಹಾಕಿದ ಹಾಗಲ್ಲ. ಫಲಿತಾಂಶದ ಮೇಲೆ ಆ ವಿವಿಯ ಸಮರ್ಥ್ ಪೋರ್ಟಲ್‌ನಲ್ಲಿ ಪ್ರತ್ಯೇಕ ನೋಂದಣಿ ಆಗಬೇಕು. ಅದನ್ನು ತಪ್ಪಿಸಿಕೊಂಡು, ಅಂಕ ಇದ್ದೂ ಹೊರಗುಳಿಯುವವರು ಪ್ರತಿ ವರ್ಷ ಇರುತ್ತಾರೆ. ಕೋರ್ಸಿಗೆ ಕೇಳಿರುವ ವಿಷಯಗಳನ್ನೇ ಸಿಯುಇಟಿಯಲ್ಲಿ ಬರೆದಿದ್ದಾಳಾ ಅಂತ ಮಾಹಿತಿ ಪುಸ್ತಿಕೆ ನೋಡಿ ತಾಳೆ ಹಾಕಿ. ಗಣಿತ ಕೇಳಿದ್ದು ಜೀವಶಾಸ್ತ್ರ ಬರೆದಿದ್ದರೆ ಅಂಕ ಎಷ್ಟಿದ್ದರೂ ಪ್ರಯೋಜನವಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಇದು ನಮ್ಮ ಕಡೆ ಮಾಮೂಲಿ ತೊಡಕು, ಮೊದಲೇ ಸರಿಮಾಡಿಸಿ. ಪಿಯು ಮಂಡಳಿಯ ವಲಸೆ ಪ್ರಮಾಣಪತ್ರಕ್ಕೆ ಕಾಲೇಜಿನ ಮೂಲಕ ಈ ವಾರವೇ ಅರ್ಜಿ ಕೊಡಿ. ಚೆನ್ನೈಗೆ ಹೋದರೂ ಅದು ಬೇಕು.

ಹಾಸ್ಟೆಲ್: ಸೀಟು ಸಿಕ್ಕಿದ ಮಾತ್ರಕ್ಕೆ ಹಾಸ್ಟೆಲ್ ಸಿಕ್ಕಿತು ಅಂತಲ್ಲ, ಪ್ರವೇಶದ ದಿನವೇ ಅದರ ಅರ್ಜಿಯನ್ನೂ ಕೊಡಿ. ಕ್ಯಾಂಪಸ್ ಇರುವುದು ಕಲಬುರಗಿ ಪೇಟೆಯಲ್ಲಲ್ಲ, ಆಳಂದ ರಸ್ತೆಯ ಕಡಗಂಚಿಯಲ್ಲಿ. ಪೇಟೆಯಲ್ಲಿ ಪಿಜಿ ಮಾಡಿದರೆ ದಿನಾ ಬಸ್ಸು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ ಅನ್ನೋದು ನಿಜ, ಸಮಯ ಹೋಗುವುದೂ ನಿಜ. ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಬೇಲೂರಿನ ಚಳಿಗೆ ಹೊಂದಿದ ಮೈಗೆ ಮೊದಲ ವರ್ಷ ಕಷ್ಟವೇ. ಮೆಸ್ಸಿನಲ್ಲಿ ರೊಟ್ಟಿ ಸಿಗುತ್ತದೆ, ಮುದ್ದೆ ನಿರೀಕ್ಷಿಸಬೇಡಿ.

ಪ್ರಯಾಣಕ್ಕೆ ಹಾಸನ-ಸೊಲ್ಲಾಪುರ ಎಕ್ಸ್‌ಪ್ರೆಸ್ ದಿನಾ ಇದೆ, ಚನ್ನರಾಯಪಟ್ಟಣ, ಯಶವಂತಪುರ, ರಾಯಚೂರು ಮೇಲೆ ಕಲಬುರಗಿಗೆ. ಬದಲಿಸುವ ಗೋಜಿಲ್ಲ, ಹತ್ತಿ ಮಲಗಿದರೆ ಬೆಳಿಗ್ಗೆ ಇಳಿಯುವುದು. ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ. ದಸರಾ, ದೀಪಾವಳಿ ರಜೆಯ ದಿನಾಂಕ ಗೊತ್ತಾದ ಕೂಡಲೇ 60ನೇ ದಿನ ಬೆಳಿಗ್ಗೆ 8ಕ್ಕೆ ಕೂತು ಸ್ಲೀಪರ್ ಮಾಡಿಸಿಬಿಡಿ.